ಎರಡನೇ ಸೀಸೆ

"ರೆಕ್ಕೆ ನೋಡು! ರೆಕ್ಕೆ ನೋಡು ಅಂದ್ನಲ್ಲ!"

ಅವನ ಕೂಗಿಗೆ ಅವಳ ಕೈಯಲ್ಲಿದ್ದ, ನೊಣ ಸರಿಸುವ ಕುಂಚ ನೆಲಕ್ಕೆ ಬಿತ್ತು. ಬಿಳಿ ತಟ್ಟೆಯ ಮೇಲೆ ಅರವತ್ತು ಹಣ್ಣಿನ ನೊಣಗಳು ಎಳ್ಳು ಚೆಲ್ಲಿದಂತೆ ಬಿದ್ದಿದ್ದವು.

"ಮಲಗಿವೆ…" ಎಂದಳು ಮೆಲ್ಲಗೆ.

"ಮಲಗಿದ್ರೆ ರೆಕ್ಕೆ ಮಡಚಿರುತ್ತೆ. ಹೀಗೆ ಎದ್ದು ನಿಂತಿದ್ರೆ ಮತ್ತು ಬರಿಸೋ ಈಥರ್ ಜಾಸ್ತಿಯಾಗಿ ಸತ್ತಿವೆ ಅಂತ ಅರ್ಥ. ಮೊದಲ ದಿನಾನೇ ಅರವತ್ತು ಕೊಲೆ! ಭೇಷ್, ಯಮರಾಣಿ!"

ಅವನು ಕಾಲೇಜಿನ ಆ ಪ್ರಯೋಗಾಲಯದ ಸಹಾಯಕ, ಅವಳಿಗಿಂತ ನಾಲ್ಕು ವರ್ಷ ಮೊದಲು ಅಲ್ಲೇ ಜೀವಶಾಸ್ತ್ರ ಓದಿದವನು. ಎಲ್ಲರ ಬಾಯಲ್ಲೂ ನೊಣರಾಯ.

'ಅಬ್ಬಾ, ಏನು ಕೋಪ!' ಎಂದುಕೊಂಡಳು. ಆದರೆ ಕುಂಚ ಒರೆಸಿ ಅವಳ ಕೈಗಿಡುವಾಗ ಅವನ ಕಣ್ಣು ನಗುತ್ತಿತ್ತು. ಆ ನಗು ಅವತ್ತೇ ಅವಳೆದೆಯಲ್ಲಿ ಗೂಡು ಕಟ್ಟಿತು.

ಅವಳ ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ದುಂಬಿಯಲ್ಲಿರುತ್ತಿತ್ತು. ಕಥೆ ಹೇಳುವ ಅಜ್ಜಿಯ ಕೈ ಮಾತ್ರ ಸದಾ ನಡುಗುತ್ತಿತ್ತು. ಕೊನೆಕೊನೆಗೆ ತುತ್ತೂ ಬಾಯಿ ಸೇರುತ್ತಿರಲಿಲ್ಲ. ಆ ನಡುಕದ ಗುಟ್ಟು ಹುಡುಕಲೆಂದೇ ಆರು ಲಕ್ಷ ಸಾಲ ಮಾಡಿ ಅವಳು ಈ ಓದಿಗೆ ಸೇರಿದ್ದಳು. ಜಾಮೀನಿಗೆ ಸಹಿ ಹಾಕಿದವನು ಬಟ್ಟೆ ಹೊಲಿಯುವ ಅಪ್ಪ.

ಎರಡು ವರ್ಷದಲ್ಲಿ ಕಾಲು ನಡುಗುವ ನೊಣಗಳ ಒಂದು ವಂಶವನ್ನೇ ಬೆಳೆಸಿದಳು. ಅವಳ ಪ್ರಾಣ ಆ ಗಾಜಿನ ಸೀಸೆಯಲ್ಲಿತ್ತು… ಅರ್ಧ ಪ್ರಾಣ. ಇನ್ನರ್ಧ ಪಕ್ಕದ ಸ್ಟೂಲಿನ ಮೇಲೆ ಕೂತು ನೊಣ ಎಣಿಸುತ್ತಿತ್ತು!

ಓದು ಮುಗಿಯಲು ಒಂದು ತಿಂಗಳಿತ್ತು. ಪ್ರಯೋಗಾಲಯದಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಸಂಬಳ ಹದಿನೆಂಟು ಸಾವಿರ. ಅದರಲ್ಲಿ ಸಾಲದ ಕಂತಿಗೆ ಹತ್ತು, ಬಾಡಿಗೆಗೂ ಊಟಕ್ಕೂ ಏಳು. ಅತ್ತ ಔಷಧ ಕಂಪನಿಯೊಂದು ಮೂವತ್ತೈದು ಸಾವಿರ ಕೊಟ್ಟು ಕರೆಯುತ್ತಿತ್ತು. ಬ್ಯಾಗು ಹೊತ್ತು ಡಾಕ್ಟರುಗಳ ಬಾಗಿಲು ಕಾಯುವ ಕೆಲಸ.

"ನೀವೇ ಹೇಳಿ. ಇರ್ಲಾ, ಹೋಗ್ಲಾ?"

'ಇರು ಅನ್ನಲಿ… ಒಂದೇ ಒಂದು ಸಲ ಅನ್ನಲಿ…'

ಅವನು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಲಿಲ್ಲ. "ಹೋಗು."

ಅಷ್ಟೇ!

ಮರುದಿನ ಸೀಸೆ ತೊಳೆಯುವ ಅಕ್ಕ ಅವಳ ಕಿವಿ ಹತ್ತಿರ ಬಂದಳು. "ಅಲ್ಲಮ್ಮಾ, ನಮ್ಮ ನೊಣರಾಯನ ಕೆಲಸಾನೂ ಈ ತಿಂಗಳಿಗೇ ಮುಗಿಯುತ್ತಂತೆ. ಆ ಒಂದು ಹುದ್ದೆಗೆ ಅವನೇ ಅರ್ಜಿ ಹಾಕಿದಾನಂತೆ. ನಿಂಗೆ ಹೇಳ್ಲಿಲ್ವಾ?"

ಅವಳ ಮೈಯೆಲ್ಲ ಉರಿದುಹೋಯಿತು. ನೊಣಗಳಿಗೆ ಈಥರ್ ಕೊಡುತ್ತಿದ್ದವಳು ಹಾಗೇ ತಿರುಗಿ ನಿಂತಳು.

"ನನ್ನ ಓಡಿಸಿ ಕುರ್ಚಿ ಹಿಡಿಯೋ ಪ್ಲಾನಾ? ನೇರವಾಗಿ ಹೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ!"

ಅವನು ಅವಳ ಹಿಂದೆ ಕೈ ತೋರಿಸಿದ. "ರೆಕ್ಕೆ…"

ತಡವಾಗಿತ್ತು. ಇಡೀ ವಂಶ ರೆಕ್ಕೆ ನಿಮಿರಿಸಿ ಬಿದ್ದಿತ್ತು.

ಅವಳು ಅಳಲಿಲ್ಲ. ಕೋಟು ಕಳಚಿ ಮೊಳೆಗೆ ತೂಗುಹಾಕಿ ಹೊರಟುಹೋದಳು.

ವರ್ಷ ಕಳೆಯಿತು. ಬ್ಯಾಗಿನ ಪಟ್ಟಿ ಭುಜದ ಮೇಲೆ ಕಪ್ಪು ಗೆರೆ ಎಳೆದಿತ್ತು. ಪ್ರತಿ ತಿಂಗಳು ಕಂತು ಹೋಗುತ್ತಿತ್ತು. ಫೋನಿನಲ್ಲಿ ಅಪ್ಪ, "ಬ್ಯಾಂಕಿನವರು ಬರಲಿಲ್ಲ ಮಗಳೇ," ಎಂದು ಸಮಾಧಾನವಾಗಿ ಹೇಳುತ್ತಿದ್ದ. ಸೂಕ್ಷ್ಮದರ್ಶಕ ಮುಟ್ಟದ ಕೈ ಹೇಗಿದೆಯೆಂದು ಮಾತ್ರ ಯಾರೂ ಅವಳನ್ನು ಕೇಳಲಿಲ್ಲ.

ಒಂದು ಮಧ್ಯಾಹ್ನ ಯಾವುದೋ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುತ್ತಿದ್ದಳು.

"ಮುಷ್ಟಿ ಬಿಗಿ ಮಾಡಿ ಅಜ್ಜಾ. ಇರುವೆ ಕಚ್ಚಿದಷ್ಟೇ…"

ಆ ದನಿ! ಪರದೆಯ ಪಕ್ಕದಲ್ಲಿ ರಕ್ತ ತೆಗೆಯುತ್ತಿದ್ದವನು ಅವನೇ. ಕೆನ್ನೆ ಒಳಸರಿದಿತ್ತು, ಅಂಗಿಯ ಕಾಲರು ಸವೆದಿತ್ತು.

ಹಳೆಯ ಕಿಚ್ಚು ನಾಲಗೆಗೆ ಬಂತು. "ಏನ್ ನೊಣರಾಯರೇ, ಕುರ್ಚಿ ಬಿಟ್ಟು ಸೂಜಿ ಹಿಡಿದ್ರಾ?"

ಅವನು ಅಜ್ಜನ ತೋಳಿಗೆ ಹತ್ತಿ ಒತ್ತಿ ಅವಳತ್ತ ತಿರುಗಿದ. "ನಿನ್ನ ನೊಣಗಳು ಚೆನ್ನಾಗಿವೆ."

"ಸತ್ತವಲ್ಲ! ನನ್ನ ಕಣ್ಣೆದುರೇ…"

"ಸತ್ತಿದ್ದು ಒಂದು ಸೀಸೆ. ಒಂದು ವಂಶಕ್ಕೆ ಎರಡು ಸೀಸೆ, ಎರಡು ಕಪಾಟು. ನಾನೇ ಹೇಳಿಕೊಟ್ಟಿದ್ನಲ್ಲ."

"ಎರಡನೇದು ನಾನು ಇಡ್ಲೇ ಇಲ್ಲ…"

"ನೀನು ಇಡಲ್ಲ ಅಂತ ಗೊತ್ತಿತ್ತು. ನಾನಿಟ್ಟಿದ್ದೆ."

ಅವನ ಕೆಲಸ ಮುಗಿದ ಮೇಲೆ ಇಬ್ಬರೂ ಎದುರಿನ ಓಣಿಯ ಅವನ ಕೋಣೆಗೆ ಹೋದರು. ಒಂದು ಚಾಪೆ, ಒಂದು ಸ್ಟೌ, ಬ್ಯಾಂಕಿನ ನೋಟಿಸುಗಳ ಕಂತೆ. ಕಿಟಕಿಯ ಮೇಲೆ ಗಾಜಿನ ಸೀಸೆ. ಹದಿನೈದು ದಿನಕ್ಕೊಮ್ಮೆ ಹೊಸ ಆಹಾರಕ್ಕೆ ಬದಲಿಸಿದ ಇಪ್ಪತ್ತಾರು ತಾರೀಕುಗಳು ಚೀಟಿಯಲ್ಲಿದ್ದವು. ಮೇಲೆ ಒಂದೇ ಹೆಸರು, ಯಮರಾಣಿ.

ಒಳಗೆ ಪುಟ್ಟ ಕಾಲುಗಳು ನಡುಗುತ್ತಿದ್ದವು… ಅಜ್ಜಿಯ ಬೆರಳಿನಂತೆ.

"ಆ ಹುದ್ದೆಗೆ ಆರು ತಿಂಗಳಷ್ಟೇ ದುಡ್ಡಿತ್ತು," ಎಂದ ಅವನು. "ಆಮೇಲೆ ಲ್ಯಾಬಿಗೇ ಬೀಗ. ಲ್ಯಾಬ್ ನಡೆಸೋ ಮೇಷ್ಟ್ರು ನಂಗೊಬ್ಬನಿಗೇ ಹೇಳಿದ್ರು. ಸೀಸೆ ನೋಡ್ಕೊಳ್ಳೋಕೆ ಯಾರಾದ್ರೂ ಇರ್ಬೇಕಿತ್ತಲ್ಲ, ಅರ್ಜಿ ಹಾಕಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇರ್ತಿದ್ದೆ. ಇದ್ದು ನನ್ನ ಹಾಗೆ ಓದಿನ ಸಾಲ ಕಟ್ಟೋಕಾಗದೆ ಒದ್ದಾಡ್ತಿದ್ದೆ. ಬ್ಯಾಂಕಿನವರು ನಮ್ಮಮ್ಮನ ಮನೆ ಬಾಗಿಲಲ್ಲಿ ಕೂಗಾಡಿ ಹೋದ್ರು, ಗೊತ್ತಾ? ನಿಮ್ಮಪ್ಪನಿಗೆ ಹಾಗಾಗೋದು ಬೇಡ ಅನ್ನಿಸ್ತು."

ಒಂದು ವರ್ಷದಿಂದ ಕಟ್ಟಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು. ಅವನು ಗಾಬರಿಯಾಗಿ ಕರವಸ್ತ್ರ ಹುಡುಕಿದ. ಸಿಗಲಿಲ್ಲ. ಹತ್ತಿಯ ಉಂಡೆ ಕೊಟ್ಟ!

ಅವಳು ಮೂಗೊರೆಸಿಕೊಂಡು ಕೇಳಿದಳು. "ಸಾಲ ಎಷ್ಟಿದೆ?"

"ಬಡ್ಡಿ ಸೇರಿ ಏಳು ಲಕ್ಷ."

"ನಂದು ಐದೂವರೆ. ಒಟ್ಟು ಹನ್ನೆರಡೂವರೆ."

"ಕೂಡಿಸಿದ್ಯಾಕೆ?"

"ಬೇರೆ ಬೇರೆ ತೀರಿಸಿ ಸಾಕಾಗಿದೆ ಕಣೋ." ಮೊದಲ ಬಾರಿಗೆ 'ನೀವು' ಬಿಟ್ಟಿದ್ದಳು.

ಅವನು ನೋಟಿಸುಗಳ ಕಂತೆಯನ್ನು ಪಕ್ಕಕ್ಕೆ ಸರಿಸಿದ. "ಯಮರಾಣಿ… ತುಂಬಾ ವರ್ಷ ಹಿಡಿಯುತ್ತೆ."

"ಹಿಡೀಲಿ. ಅಷ್ಟು ವರ್ಷ ಇರ್ತೀಯ ತಾನೇ?"

"ತೀರಿದ ಮೇಲೂ."

"ಹಾಗಾದ್ರೆ ಒಂದು ಖಾಲಿ ಸೀಸೆ ಕೊಡು," ಎಂದಳು ಕಣ್ಣೊರೆಸಿಕೊಂಡು. "ಎರಡನೇದು ಇನ್ಮೇಲೆ ನಾನಿಡ್ತೀನಿ."