ತುಂಗಾಳ ಮುಖದ ಮಸಿ

"ನಿಮ್ಮ ಹೆಂಡ್ರು ನಿದ್ದೇಲಿರೋಗಂಟ ಮೊಕ ಮುಟ್ಬ್ಯಾಡಿ ಸಾಮಿ. ಕುಂಕುಮ ಅಳಿಸ್ಬ್ಯಾಡಿ, ಏನೂ ಬಳೀಬ್ಯಾಡಿ. ತಿರುಗಿ ಬಂದ ಜೀವಕ್ಕೆ ತನ್ನ ಮೊಕದ ಗುರ್ತು ಸಿಗ್ಬೇಕು. ಇಲ್ದಿದ್ರೆ ಅದು ಒಳೀಕೆ ಬರಾಕಿಲ್ಲ."

ಮನೆಯ ಒಡತಿ ಬೈರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೀಗೆಂದಾಗ ಬದರೀನಾಥ ಬಿದ್ದು ಬಿದ್ದು ನಕ್ಕ. ಅವನು ಕಾಲೇಜಿನಲ್ಲಿ ಕಪ್ಪೆ ಕುಯ್ದು ತೋರಿಸುವ ಮೇಷ್ಟ್ರು. ಐವತ್ತೊಂಬತ್ತನೆಯ ಇಸವಿಯ ಬೇಸಗೆಯಲ್ಲಿ ವರ್ಗವಾಗಿ ಹೆಬ್ಬಾಳಕ್ಕೆ ಬಂದು, ಕೆರೆಯ ಬದಿಯ ಈ ಮನೆಯನ್ನು ಬಾಡಿಗೆಗೆ ಹಿಡಿದಿದ್ದ.

"ಎಷ್ಟೋ ಕುಯ್ದಿದ್ದೀನಿ ಬೈರಮ್ಮನೋರೇ, ಒಂದರೊಳಗೂ ಜೀವ ಅನ್ನೋ ಸಾಮಾನು ಸಿಕ್ಕಿಲ್ಲ. ದೇಹ ಬಿಟ್ರೆ ಇನ್ನೇನೂ ಇಲ್ಲ ಕಣ್ರೀ."

ಅವನ ಹೆಂಡತಿ ತುಂಗಾ ನಗಲಿಲ್ಲ. ಹಿಂದಿನ ವರ್ಷ ಹಳೆಯ ಊರಿನಲ್ಲಿ ಮಗಳು ವೇಣಿ ಜ್ವರದಲ್ಲಿ ತೀರಿಕೊಂಡಾಗಿನಿಂದ ಅವಳು ಅತ್ತೂ ಅತ್ತೂ ಬತ್ತಿಹೋಗಿದ್ದಳು. ನೋಡಲಾಗದೆ ಬೈರಮ್ಮನೇ ಅವಳನ್ನು ಹುಣಸಮಾರನಹಳ್ಳಿಯ ಮಾಟಗಾರ ಕದಿರಪ್ಪನ ಹತ್ತಿರ ಕರೆದೊಯ್ದಿದ್ದಳು. ಅವನು ಮಂತ್ರಿಸಿಕೊಟ್ಟ ಕರಿದಾರವನ್ನು ಕಾಲ ಹೆಬ್ಬೆರಳಿಗೆ ಸುತ್ತಿ, ಲೋಬಾನ ಹಾಕಿ ಮಧ್ಯಾಹ್ನ ಮಲಗಿದರೆ, ತುಂಗಾ ಮೈ ಬಿಟ್ಟು ಮಗಳ ಬಳಿ ಹೋಗುತ್ತಿದ್ದಳಂತೆ. ಎದ್ದಾಗ ಮುಖದಲ್ಲಿ ಕಳೆ ತುಂಬಿರುತ್ತಿತ್ತು. "ಇವತ್ತು ವೇಣಿಗೆ ಜಡೆ ಹಾಕಿ ಬಂದೆ ರೀ," ಎನ್ನುತ್ತಿದ್ದಳು.

ಆ ಕಳೆಯೇ ಬದರೀನಾಥನಿಗೆ ತಡೆಯಲಾಗದ್ದು. ಮಗು ಅವನದೂ ಆಗಿತ್ತಲ್ಲ! ತಾನು ಹಲ್ಲು ಕಚ್ಚಿಕೊಂಡು ಬದುಕುವಾಗ ಇವಳೊಬ್ಬಳೇ ಸುಖವಾಗಿರುವುದೆಂದರೇನು? ಹೆಂಡತಿಯ ಹುಚ್ಚು ಬಿಡಿಸಬೇಕೆಂದು ಅವನು ಹೇಳಿಕೊಳ್ಳುತ್ತಿದ್ದ. ಒಳಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು.

ಒಂದು ಭಾನುವಾರ ಊಟವಾದ ಮೇಲೆ ತುಂಗಾ ಮಲಗಿದಳು. ಕಿಟಕಿ ಮುಚ್ಚಿದ ಕೋಣೆಯ ಕತ್ತಲಲ್ಲಿ ಲೋಬಾನದ ಘಾಟು, ಅದರೊಳಗೆ ಕೆರೆಯ ಕೆಸರಿನ ವಾಸನೆ. ಬದರೀನಾಥ ಬಚ್ಚಲ ಹಂಡೆಯ ಮಸಿಯನ್ನು ಬೆರಳಿಗೆ ಹತ್ತಿಸಿಕೊಂಡು ಬಂದ. ಒದ್ದೆ ಬಟ್ಟೆಯಿಂದ ಅವಳ ಕುಂಕುಮ ಒರೆಸಿದ. ಮೂಗಿನ ಕೆಳಗೆ ದಪ್ಪ ಮೀಸೆ ಬರೆದ, ಕೆನ್ನೆಗೆ ಗಡ್ಡ ಬಳಿದ. ಏಳಲಿ, ಕನ್ನಡಿ ಹಿಡಿಯೋಣ, ಮುಖ ಬದಲಾದರೂ ಸುಮ್ಮನೆ ಎದ್ದು ಕೂತೆಯಲ್ಲ ಎಂದು ಛೇಡಿಸೋಣ ಅಂದುಕೊಂಡ.

ಹಿತ್ತಲಲ್ಲಿ ಬಳೆಯ ಸದ್ದಾಯಿತು. ಬಾಗಿಲ ಹತ್ತಿರ ಬಂದು ನಿಂತಿತು.

"ರೀ..."

ತುಂಗಾಳ ದನಿ. ಮಂಚದ ಮೇಲೆ ತುಂಗಾಳ ತುಟಿ ಅಲುಗಿರಲಿಲ್ಲ.

"ರೀ, ನನ್ನ ಜಾಗದಲ್ಲಿ ಮಲಗಿರೋ ಗಂಡಸು ಯಾರು?"

ಅವನು ಬಟ್ಟೆ ಎತ್ತಿ ಒರೆಸಿದ. ಮಸಿ ಹರಡಿತು. ಇನ್ನೂ ಒರೆಸಿದ. ಹಣೆ ಕಪ್ಪಾಯಿತು. ಕಣ್ಣು, ಮೂಗು, ಎಲ್ಲ ಕಪ್ಪಾಯಿತು.

"ಅದು ನೀನೇ ಕಣೇ! ಬಾ! ಒಳಗೆ ಬಾ!"

"ಇದು ನನ್ನ ಮುಖ ಅಲ್ಲ. ನಾನೆಲ್ಲಿದ್ದೀನಿ ರೀ?"

ಬಾಗಿಲು ತೆರೆದ. ಬಿಸಿಲು. ಒಣಹಾಕಿದ ಬಟ್ಟೆ. ಯಾರೂ ಇಲ್ಲ. ಆಗ ಒಂದು ವರ್ಷದಿಂದ ಅವನು ಕೇಳದಿದ್ದ ದನಿ ಕೇಳಿತು.

"ಅಮ್ಮಾ, ಬಾ ಹೋಗೋಣ."

ಅದು ಅಪ್ಪನನ್ನು ಕರೆಯಲಿಲ್ಲ.

ಸಂಜೆಯ ಹೊತ್ತಿಗೆ ಮಂಚದ ಮೇಲಿನ ಕಣ್ಣುಗಳು ತೆರೆದವು. ತುತ್ತಿಟ್ಟರೆ ಬಾಯಿ ನುಂಗಿತು, ಸೂಜಿ ಚುಚ್ಚಿದರೆ ಕಾಲು ಹಿಂದೆ ಸರಿಯಿತು. ಕರೆದರೆ ಓಗೊಡುವವರು ಒಳಗಿರಲಿಲ್ಲ.

"ನಾಡಿ, ಉಸಿರು, ಹೃದಯ ಎಲ್ಲಾ ಸರಿಯಾಗಿದೆ ಮೇಷ್ಟ್ರೇ," ಎಂದರು ಡಾಕ್ಟರು. "ದೇಹಕ್ಕೆ ಏನೇನೂ ಆಗಿಲ್ಲ."

ಈಗ ಪ್ರತಿ ಮಧ್ಯಾಹ್ನ ಬದರೀನಾಥ ಆ ಮುಖವನ್ನು ತೊಳೆದು, ಕುಂಕುಮವಿಟ್ಟು, ಹಿತ್ತಲ ಬಾಗಿಲು ತೆರೆದು ಕೂರುತ್ತಾನೆ. ಒಮ್ಮೊಮ್ಮೆ ಬಳೆಯ ಸದ್ದು ಹೊಸಿಲವರೆಗೂ ಬರುತ್ತದೆ. ಅವನು ಎದ್ದು ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಆದರೆ ವೇಣಿ ಈ ಮನೆಯನ್ನು ಕಂಡವಳೇ ಅಲ್ಲವಲ್ಲ.

"ಇದು ನಮ್ಮನೆ ಅಲ್ಲಮ್ಮಾ," ಎನ್ನುತ್ತದೆ ಮಗುವಿನ ದನಿ. ಬಳೆಯ ಸದ್ದು ಕೆರೆಯ ಕಡೆಗೆ ದೂರವಾಗುತ್ತದೆ.