ಮುಟ್ಟಬೇಡ ಅಪ್ಪಾ!

"ಅಪ್ಪಾ, ಸ್ಟಾಪ್! ಅಲ್ಲೇ ನಿಂತ್ಕೋ!"

ಅಪ್ಪ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟ. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತಿದ್ದವಳು ಐದನೇ ಕ್ಲಾಸಿನಲ್ಲಿ ಓದುವ ಅವನ ಮಗಳು.

"ಚಪ್ಪಲಿ ಹೊರಗೆ ಬಿಡು. ಟೋಪಿ ಕವರ್‌ಗೆ ಹಾಕು. ಗೋಡೆ ಮುಟ್ಟಬೇಡ. ನೇರ ಬಾತ್‌ರೂಮ್‌ಗೆ ನಡಿ."

"ಆಯ್ತು ಪೊಲೀಸಮ್ಮಾ. ಕೈ ಮೇಲೆತ್ತಬೇಕಾ?"

"ಎತ್ತು."

ಅಪ್ಪ ನಿಜವಾಗಿಯೂ ಎರಡೂ ಕೈ ಎತ್ತಿಕೊಂಡು, ಸಿಕ್ಕಿಬಿದ್ದ ಕಳ್ಳನ ಹಾಗೆ ನಡೆದ. ಅಪ್ಪನಿಗೆ ಬೇಕರಿಯಲ್ಲಿ ಬ್ರೆಡ್ ಮಾಡುವ ಕೆಲಸ. ಅಂಗಿಯ ತೋಳಿನಲ್ಲಿ, ಹುಬ್ಬಿನಲ್ಲಿ, ಕಿವಿಯ ಹಿಂದೆ, ಎಲ್ಲಿ ನೋಡಿದರೂ ಹಿಟ್ಟು.

ಚಾಪೆಯ ಮೇಲೆ ಕೂತಿದ್ದ ಅವಳ ಪುಟ್ಟ ತಮ್ಮ ಗುಂಡ ಅಪ್ಪನನ್ನು ನೋಡಿ, "ಊಂ, ಊಂ" ಎಂದು ಕೈ ಚಾಚಿದ. ಅಪ್ಪ ತಿರುಗಿ ನೋಡಲಿಲ್ಲ. ಬಾತ್‌ರೂಮಿನ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತು ಕಾದು ಗುಂಡ ಕೈ ಇಳಿಸಿದ.

ಗುಂಡ ಅನ್ನುವುದು ಹೆಸರಿಗಷ್ಟೇ. ಕೈಕಾಲು ಬೆಂಕಿಕಡ್ಡಿ, ಹೊಟ್ಟೆ ಮಾತ್ರ ಬಲೂನು. ಇನ್ನೇನು ಎರಡು ವರ್ಷ ತುಂಬುತ್ತದೆ ಅನ್ನುವಾಗಲೂ ಅವನು ನಡೆಯುತ್ತಿರಲಿಲ್ಲ. ಏನು ತಿನ್ನಿಸಿದರೂ ಮೈಗೆ ಹತ್ತುತ್ತಿರಲಿಲ್ಲ. ಮಕ್ಕಳ ಡಾಕ್ಟರ್ ರಕ್ತ ತೆಗೆದು, ಇನ್ನೂ ಏನೇನೋ ಟೆಸ್ಟ್ ಮಾಡಿಸಿ, ಕೊನೆಗೆ ಕಾರಣ ಕಂಡುಹಿಡಿದರು.

"ಇವನಿಗೆ ಗೋಧಿ ಆಗಲ್ಲ. ಹೊಟ್ಟೆಗೆ ಹೋದ್ರೆ ಕರುಳಿಗೆ ತೊಂದ್ರೆ ಮಾಡುತ್ತೆ. ಬ್ರೆಡ್ಡು, ಬಿಸ್ಕತ್ತು, ನೂಡಲ್ಸು ಎಲ್ಲ ಬಂದ್. ಹಿಟ್ಟಿನ ಧೂಳು ಕೂಡ ಬಾಯಿಗೆ ಹೋಗಬಾರ್ದು. ಅನ್ನ, ಆಲೂಗಡ್ಡೆ, ಮೊಟ್ಟೆ, ಹಣ್ಣು ಕೊಡಿ."

ಅಪ್ಪ ತನ್ನ ತೋಳನ್ನೊಮ್ಮೆ ನೋಡಿಕೊಂಡಿದ್ದ. ಗುಂಡನಿಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಚಟ. ಅದರಲ್ಲೂ ಅಪ್ಪನ ತೋಳನ್ನು ಚೀಪುವುದೆಂದರೆ ಬಲು ಇಷ್ಟ.

ಆಮೇಲೆ ಡಾಕ್ಟರ್ ಗುಂಡನ ಅಕ್ಕನ ಕಡೆ ತಿರುಗಿದರು. "ನಿಂಗೊಂದು ಕೆಲಸ. ವಾರಕ್ಕೊಂದು ಸಲ ಇವನ ವಿಡಿಯೋ ತೆಗಿ. ಅದೇ ಜಾಗ, ಅದೇ ಆಟ. ದಿನಾ ನೋಡೋ ಕಣ್ಣಿಗೆ ಬದಲಾವಣೆ ಗೊತ್ತಾಗಲ್ಲ." ಅಮ್ಮನಿಗೆ ಮಾತ್ರ ಮೆಲ್ಲಗೆ ಹೇಳಿದರು: "ಮುಂದಿನ ಸಲ ಬರೋ ಹೊತ್ತಿಗೂ ಕಾಲಿಗೆ ಶಕ್ತಿ ಬಂದಿಲ್ಲ ಅಂದ್ರೆ ದೊಡ್ಡ ಆಸ್ಪತ್ರೆಗೆ ಕಳಿಸ್ಬೇಕಾಗುತ್ತೆ."

ಬಸ್ಸಿನಲ್ಲಿ ಅಮ್ಮ ಗುಂಡನ ಕಾಲನ್ನು ನೀವುತ್ತಾ ಕೂತಳು. ಅವತ್ತಿನಿಂದಲೇ ಅಕ್ಕ ಪೊಲೀಸಮ್ಮ ಆದದ್ದು.

ವಿಡಿಯೋ ತೆಗೆಯುವ ಜಾಗ ವಠಾರದ ಓಣಿ. ಒಂದೇ ಸಾಲಿನ ಮನೆಗಳು, ಮುಂದೆ ಉದ್ದಕ್ಕೆ ಸಿಮೆಂಟಿನ ಓಣಿ, ಆ ತುದಿಗೆ ಕಬ್ಬಿಣದ ಗೇಟು. ಪಕ್ಕದ ಮನೆಯ ಡ್ರೈವರ್ ತಾತ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಸ್ ಓಡಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಯಾರಾದರೂ ಅಡ್ಡ ಬಂದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು.

"ಒಂದೇ ಒಂದು ಬಿಸ್ಕತ್ ಕೊಡ್ತೀನಿ ಕಣಮ್ಮ. ಏನಾಗಲ್ಲ," ಎಂದು ತಾತ ಒಂದು ಸಲ ಜೇಬಿಗೆ ಕೈ ಹಾಕಿದರು.

"ತಾತಾ! ಚೂರೂ ಕೊಡಂಗಿಲ್ಲ!"

"ಬೇಕರಿಯವನ ಮಗನಿಗೆ ಬಿಸ್ಕತ್ ಇಲ್ವಾ? ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂದಂಗಾಯ್ತು." ತಾತ ಬಿಸ್ಕತ್ತನ್ನು ತಾವೇ ಬಾಯಿಗೆ ಹಾಕಿಕೊಂಡು, ಅಕ್ಕ ಹೇಳುವ ಮೊದಲೇ ಕೈ ತೊಳೆಯಲು ಎದ್ದರು.

ಮೊದಲ ವಿಡಿಯೋದಲ್ಲಿ ಗುಂಡ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡು ಅಳುತ್ತಿದ್ದ. ಕೆಲವು ವಾರಗಳ ನಂತರ ಅಕ್ಕ ಉರುಳಿಸಿದ ಬಾಲಿನ ಹಿಂದೆ ತೆವಳಿದ. ಆಮೇಲೆ ತಾತನ ಕುರ್ಚಿ ಹಿಡಿದು ಎದ್ದು ನಿಂತ. ಮಂಡಿ ಗಡಗಡ ನಡುಗಿತು. ದೊಪ್ಪೆಂದು ಬಿದ್ದ. ಎದ್ದ. ಮತ್ತೆ ಬಿದ್ದ. ಬಿದ್ದಾಗಲೆಲ್ಲ, ನಾನು ಬೇಕಂತಲೇ ಕೂತೆ ಅನ್ನುವ ಮುಖ ಮಾಡುತ್ತಿದ್ದ.

"ಜಟ್ಟಿ! ಬಿದ್ರೂ ಮೀಸೆ ಮಣ್ಣಾಗಲ್ಲ ಇವನಿಗೆ," ಎಂದು ತಾತ ಚಪ್ಪಾಳೆ ತಟ್ಟಿದರು.

ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಸ್ಕೂಲಿನಲ್ಲಿ ಸಿಕ್ಕವರಿಗೆಲ್ಲ ಅದೇ ಸುದ್ದಿ ಹೇಳಿದಳು. ಆದರೆ ಕುರ್ಚಿ ಬಿಟ್ಟು ಹೆಜ್ಜೆ ಇಡು ಅಂದರೆ ಗುಂಡ ಜಪ್ಪಯ್ಯ ಅನ್ನಲಿಲ್ಲ. ಡಾಕ್ಟರ್ ಹತ್ತಿರ ಹೋಗುವ ದಿನ ಹತ್ತಿರವಾಗುತ್ತಿತ್ತು.

ಅಕ್ಕನಿಗೆ ಇನ್ನೊಂದು ಸಿಟ್ಟೂ ಇತ್ತು. ಅಮ್ಮ ಯೂನಿಫಾರ್ಮ್ ಹೊಲಿಯುವ ಕೆಲಸದ ನಡುವೆಯೇ ಗುಂಡನಿಗೆ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡುತ್ತಾಳೆ. ತಾತ ಕೂಡ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವುದನ್ನು ಬಿಟ್ಟರು. ಅಪ್ಪ ಮಾತ್ರ ಬಂದವನೇ ಬಾತ್‌ರೂಮ್ ಸೇರುತ್ತಾನೆ. ಕಿವಿ, ಉಗುರು, ತಲೆ ಎಲ್ಲ ಉಜ್ಜಿ ಹೊರಗೆ ಬರುವಷ್ಟರಲ್ಲಿ ಗುಂಡನಿಗೆ ನಿದ್ದೆ.

"ಅಪ್ಪಂಗೆ ಗುಂಡನ ಮೇಲೆ ಪ್ರೀತಿನೇ ಇಲ್ಲಮ್ಮ. ಕರೆದ್ರೂ ತಿರುಗಿ ನೋಡಲ್ಲ."

ಅಮ್ಮ ಮೆಷಿನ್ ನಿಲ್ಲಿಸಿದಳು. "ಹಾಗೆಲ್ಲ ಅನ್ನಬಾರ್ದು ಕಣೇ," ಅಂದಳು. ಮತ್ತೆ ಹೊಲಿಯತೊಡಗಿದಳು.

ಆ ವಾರ ಅಕ್ಕ ಓಣಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. ಗುಂಡ ಕುರ್ಚಿ ಹಿಡಿದು ನಿಂತಿದ್ದ. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಓವನ್ ಕೆಟ್ಟಿದ್ದರಿಂದ ಅಪ್ಪ ಬೇಗ ಬಂದಿದ್ದ. ಇನ್ನೂ ಬೆಳಕಿತ್ತು, ಗುಂಡನಿಗೆ ನಿದ್ದೆಯೂ ಬಂದಿರಲಿಲ್ಲ. ಅಪ್ಪ ಏನೋ ಯೋಚಿಸುತ್ತಾ ಓಣಿಯ ಅರ್ಧದವರೆಗೂ ನಡೆದು ಬಂದುಬಿಟ್ಟ.

ಗುಂಡ ಅಪ್ಪನನ್ನು ನೋಡಿದ. "ಊಂ!" ಅಂದ. ಕುರ್ಚಿ ಬಿಟ್ಟ.

ಒಂದು ಹೆಜ್ಜೆ ಇಟ್ಟ.

ತಾತ ಹಾರ್ನ್ ಹೊಡೆಯಲು ತೆರೆದ ಬಾಯಿ ತೆರೆದೇ ಇತ್ತು. ಅಪ್ಪ ಮುಂದಕ್ಕೆ ಬಾಗಿ ಎರಡೂ ಕೈ ಚಾಚಿದ. ಆಗ ಅವನ ಕಣ್ಣಿಗೆ ತನ್ನದೇ ಕೈ ಬಿತ್ತು. ಮೊಣಕೈವರೆಗೂ ಬೆಳ್ಳಗೆ ಹಿಟ್ಟು.

ಅಕ್ಕ "ಮುಟ್ಟಬೇಡ ಅಪ್ಪಾ" ಎಂದು ಕೂಗಬೇಕೆನ್ನುವಷ್ಟರಲ್ಲಿ ಅಪ್ಪನೇ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಒಂದು ಹೆಜ್ಜೆ ಹಿಂದೆ ಸರಿದ.

"ಬಾ ಕಂದಾ, ಬಾ."

ಗುಂಡ ಇನ್ನೊಂದು ಹೆಜ್ಜೆ ಇಟ್ಟ. ಅಪ್ಪ ಇನ್ನೊಂದು ಹೆಜ್ಜೆ ಹಿಂದೆ ಹೋದ. ಗುಂಡ ತೂರಾಡಿದ, ಬೀಳಲಿಲ್ಲ. ಸಿಗದ ಅಪ್ಪನನ್ನು ಹಿಡಿಯಲೇಬೇಕೆಂಬ ಹಟದಿಂದ ಬಂದ, ಬಂದ, ಬರುತ್ತಲೇ ಇದ್ದ. ಅಪ್ಪ ಹಿಂದೆ ಹಿಂದೆ ಹೋಗುತ್ತಲೇ ಇದ್ದ. ಬಾಗಿಲಿಗೆ ಬಂದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು.

ಅಪ್ಪನ ಬೆನ್ನು ಗೇಟಿಗೆ ತಾಗಿತು. ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ. ಗುಂಡ ಕಾಲ ಬಳಿ ಬಂದು ಎರಡೂ ಕೈ ಎತ್ತಿದ. ಅಪ್ಪ ಅಕ್ಕನನ್ನು ನೋಡಿದ.

ಅಕ್ಕ ಓಡಿಹೋಗಿ ತಮ್ಮನನ್ನು ಎತ್ತಿಕೊಂಡಳು. ಗುಂಡ ಕಿರುಚಿದ, ಅವಳ ಹೊಟ್ಟೆಗೇ ಒದ್ದ. ಒದೆ ಚೆನ್ನಾಗಿಯೇ ಬಿತ್ತು. ಬೆಂಕಿಕಡ್ಡಿ ಕಾಲಿಗೆ ಇಷ್ಟು ಬಲ ಯಾವಾಗ ಬಂತು ಎಂದು ಅವಳು ನೋವಿನಲ್ಲೂ ನಕ್ಕಳು.

ಅಪ್ಪ ಸ್ನಾನ ಮುಗಿಸಿ ಬರುವಾಗ ಕಿವಿಯ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಆದರೆ ಗುಂಡ ಅತ್ತು ಅತ್ತು ಮಲಗಿಬಿಟ್ಟಿದ್ದ. ಅಪ್ಪ ಅವನ ಪಕ್ಕದಲ್ಲಿ ಕೂತು, ಪುಟ್ಟ ಪಾದ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡ. ಊಟಕ್ಕೆ ಕರೆದರೂ ಏಳಲಿಲ್ಲ.

ತೋರಿಸಲು ಹೋದ ದಿನ ಡಾಕ್ಟರ್ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. "ಭೇಷ್ ಗುಂಡಾ! ದೊಡ್ಡ ಆಸ್ಪತ್ರೆ ಏನೂ ಬೇಡ. ಇದೇ ಊಟ ಮುಂದುವರಿಸಿ," ಅಂದರು. ಅಮ್ಮ ಕಣ್ಣೊರೆಸಿಕೊಂಡಳು. ಎಲ್ಲರೂ ಗುಂಡನ ಕಾಲು ನೋಡುತ್ತಿದ್ದರು.

ಅಕ್ಕ ವಿಡಿಯೋದಲ್ಲಿ ನೋಡುತ್ತಿದ್ದದ್ದು ಅಪ್ಪನ ಕೈಗಳನ್ನು. ಅವು ಮುಂದೆ ಬರುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಬೆನ್ನ ಹಿಂದೆ ಹೋಗುತ್ತಿದ್ದವು. ಒಂದು ಸಲವಲ್ಲ, ಪ್ರತಿ ಹೆಜ್ಜೆಗೂ.

ಮರುದಿನ ಕತ್ತಲಾಗುವ ಹೊತ್ತಿಗೆ ಗೇಟು ಕಿರ್ ಎಂದಿತು. ಅಪ್ಪ ಬಾಗಿಲ ಬಳಿ ಬಂದು ಕೈ ಮೇಲೆತ್ತಿ ನಿಂತ. ಅಡ್ಡ ಹಾಕುವವರು ಯಾರೂ ಇರಲಿಲ್ಲ.

"ಏನ್ ಪೊಲೀಸಮ್ಮಾ, ಇವತ್ತು ಡ್ಯೂಟಿ ಇಲ್ವಾ?"

ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಅಕ್ಕ ಬಕೆಟ್ ತುಂಬಿಸಿ, ಟವೆಲ್ಲು, ಒಗೆದ ಅಂಗಿ ನೇತುಹಾಕಿ ಹೊರಗೆ ಬಂದಳು. ಚಾಪೆಯ ಮೇಲೆ ಕಣ್ಣುಜ್ಜುತ್ತಿದ್ದ ಗುಂಡನ ಮುಂದೆ ಕೂತು ಚಪ್ಪಾಳೆ ತಟ್ಟತೊಡಗಿದಳು.

"ಬೇಗ ಸ್ನಾನ ಮಾಡ್ಕೊಂಡು ಬಾ ಅಪ್ಪಾ," ಅಂದಳು. "ಅಲ್ಲೀವರೆಗೂ ಇವನನ್ನ ಮಲಗೋಕೆ ಬಿಡಲ್ಲ."