ಮೂರು ಬಾಗಿಲ ಕೋಟೆಯಲ್ಲಿ ಮೂಡಣದ ಮಾತು

ಬಹಳ ಹಿಂದೆ ಹೇಮಾವರವೆಂಬ ರಾಜ್ಯವಿತ್ತು. ಅದರ ನಡುವೆ ಒಂದು ಹೊಳೆ. ಎರಡು ದಡದವರದೂ ಒಂದೇ ಭಾಷೆ, ಆಡುವ ರೀತಿ ಮಾತ್ರ ಬೇರೆ. ಪಡುವಣದವರು ಮೂಡಣದವರ ಮಾತು ಕೇಳಿ ನಗುತ್ತಿದ್ದರು. ಆ ನಗುವನ್ನೇ ಉಂಡು ಕೊಬ್ಬಿದ ವಕ್ರದಂತನೆಂಬ ಮಾಂತ್ರಿಕ ಪಡುವಣದಲ್ಲಿ ಕೋಟೆ ಕಟ್ಟಿದ. ಅದರೊಳಗೆ ಮೂಡಣದ ಮಾತಾಡಿದವರು ಜಿಂಕೆಯಾಗುತ್ತಿದ್ದರು. ಮನೆಯ ಮಾತಿನಲ್ಲಿ ಯಾರಾದರೂ ಕರೆದರೆ ಜಿಂಕೆ ಮತ್ತೆ ಮನುಷ್ಯ. ಆದರೆ ಕರೆದವರು ಜಿಂಕೆ.

ಮೂಡಣದ ನೇಕಾರ ಗುರುಸಿದ್ಧನ ತಂಗಿ ನೀಲವ್ವ ಆ ಕೋಟೆಗೆ ಸೀರೆ ಮಾರಲು ಹೋಗಿ ಜಿಂಕೆಯಾದಳು. ಹೊತ್ತು ಮುಳುಗಿದೊಡನೆ ಜಿಂಕೆಗಳ ಚರ್ಮ ಸುಲಿಯುವರೆಂದು ಸುದ್ದಿ ಬಂತು. ಗುರುಸಿದ್ಧ ತನ್ನ ಪಡುವಣದ ಹೆಂಡತಿ ವಾರಿಜೆಯೊಡನೆ ಕೋಟೆಗೆ ಓಡಿದ.

"ಹೆಂಗರ ಮಾಡಿ ಒಳಗ ಹೋಗೂಣು."

"'ಹೇಗಾದರೂ ಮಾಡಿ ಒಳಗೆ ಹೋಗೋಣ' ಅನ್ನಿ. ಬಾಯಿ ಜಾರಿದರೆ ನಿಮಗೆ ಹುಲ್ಲು ಹಾಕಬೇಕಾದವಳು ನಾನೇ!"

ಮೊದಲ ಬಾಗಿಲಲ್ಲಿ ತಾಮ್ರದ ಸಿಂಹ ಕೇಳಿತು, "ಯಾರು ನೀನು?"

"ನಾನೊಬ್ಬ ವ್ಯಾಪಾರಿ," ಎಂದ ಗುರುಸಿದ್ಧ, ಪಡುವಣದ ಮಾತಿನಲ್ಲಿ.

ಎರಡನೆಯದರಲ್ಲಿ ಎರಡು ತಲೆಯ ಸರ್ಪ ಕೇಳಿತು, "ಏಕೆ ಬಂದೆ?"

"ಚರ್ಮ ಕೊಳ್ಳಲು ಬಂದಿದ್ದೇನೆ."

ಮೂರನೆಯದರಲ್ಲಿ ಕಲ್ಲಿನ ಗೂಬೆ ಏನೂ ಕೇಳದೆ ಅವನ ಕಾಲನ್ನು ಕುಕ್ಕಿತು. "ಯವ್ವಾ" ಗಂಟಲವರೆಗೆ ಬಂತು. ತುಟಿ ಕಚ್ಚಿ "ಅಮ್ಮಾ!" ಎಂದ. ಬಾಗಿಲು ತೆರೆಯಿತು.

ಅಂಗಳದ ತುಂಬ ಜಿಂಕೆಗಳು. ಬೋಳು ತಲೆಯ ವಕ್ರದಂತ ಕತ್ತಿ ಮಸೆಯುತ್ತಿದ್ದ. "ತಂಗಿ, ಇಲ್ಲಿಗೆ ಬಾ," ಎಂದು ಗುರುಸಿದ್ಧ ಪಿಸುಗುಟ್ಟಿದ. ಒಂದೂ ತಲೆಯೆತ್ತಲಿಲ್ಲ. ಸೂರ್ಯ ಕೋಟೆಗೋಡೆಗೆ ತಾಗಿದ.

"ಬೇಡ ರೀ!" ಎಂದಳು ವಾರಿಜೆ.

"ನೀಲವ್ವಾ, ಬಾ ನನ್ನವ್ವಾ, ಮನಿಗೆ ಹೋಗೂಣು!"

ಒಂದು ಜಿಂಕೆ ನೀಲವ್ವಳಾಯಿತು. ಗುರುಸಿದ್ಧ ನಿಂತಲ್ಲಿ ಜಿಂಕೆ ನಡುಗುತ್ತಿತ್ತು. ವಕ್ರದಂತ ಅದರ ಕೊಂಬು ಹಿಡಿದ.

ನೀಲವ್ವ ಬಾಯಿ ತೆರೆಯುವಷ್ಟರಲ್ಲಿ ವಾರಿಜೆ ಅದನ್ನು ಮುಚ್ಚಿದಳು. "ನೀನು ಕರೆದರೆ ನೀನೇ ಮತ್ತೆ ಜಿಂಕೆ. ಸುಮ್ಮನಿರು."

ಮೂಡಣದ ಮಾತನ್ನು ವಾರಿಜೆ ದಿನವೂ ಕೇಳಿದ್ದಳು, ಎಂದೂ ಆಡಿರಲಿಲ್ಲ. ಆಡಿದರೆ ತನಗೂ ಕೊಂಬು ಮೂಡೀತೇ? ಕತ್ತಿ ಮೇಲೆದ್ದಿತು.

"ಏನ್ರೀ, ಅಲ್ಲ್ಯಾಕ ನಿಂತೀರಿ? ಬರ್ರಿ, ಮನಿಗೆ ಹೋಗೂಣು! ಎಲ್ಲಾರೂ ಬರ್ರಿ!"

ಅವಳ ಬೆರಳುಗಳು ಗೊರಸಾಗತೊಡಗಿ, ಅಲ್ಲಿಗೇ ನಿಂತವು. ಮಾತು ಮೂಡಣದ್ದು, ಆಡಿದವಳು ಪಡುವಣದವಳು. ಯಾರನ್ನು ಹಿಡಿಯಬೇಕೆಂದು ಮಂತ್ರಕ್ಕೆ ತಿಳಿಯಲಿಲ್ಲ. ಅಂಗಳವೆಲ್ಲ ಸುತ್ತಿ ಸುತ್ತಿ, ಕೊನೆಗೆ ಅದು ತನ್ನನ್ನು ಹಾಕಿದವನ ಮೇಲೆಯೇ ಬಿತ್ತು. ಬೋಳು ತಲೆಯ ಜಿಂಕೆಯೊಂದು ಕತ್ತಿ ಬಿಟ್ಟು ಕಾಡಿಗೆ ಓಡಿತು. ಉಳಿದವೆಲ್ಲ ಮನುಷ್ಯರಾದವು; ವಾರಿಜೆಯ ಬೆರಳುಗಳೂ ಮೊದಲಿನಂತಾದವು.

"ಭಾಳ ಛಲೋ ಮಾತಾಡಿದಿ ನೋಡಲೇ!" ಎಂದ ಗುರುಸಿದ್ಧ.

"'ಲೇ' ಎನ್ನಬೇಡಿ," ಎಂದಳು ವಾರಿಜೆ, ಕಣ್ಣೊರೆಸಿಕೊಳ್ಳುತ್ತ.

ಆಮೇಲೆ ಎರಡು ದಡದವರೂ ಒಂದೇ ಪಂಕ್ತಿಯಲ್ಲಿ ಉಂಡು, ತಂತಮ್ಮ ಮಾತಿನಲ್ಲೇ ಜಗಳವಾಡುತ್ತ, ಬಹುಕಾಲ ಸುಖವಾಗಿ ಬಾಳಿದರು.